ಗಾಯವೂ ನಂಜೂ: ಕೋಟ್ನೀಸರ ಕಾಲದಿಂದ ನಮ್ಮ ಕಾಲದವರೆಗೆ

ಸೊಲ್ಲಾಪುರದ ಭಯ್ಯಾ ಚೌಕದಲ್ಲಿರುವ ಡಾ. ದ್ವಾರಕಾನಾಥ ಕೋಟ್ನೀಸರ ಮನೆ ಇಂದು ಸ್ಮಾರಕವಾಗಿದೆ. ಚೀನಾದ ನಾಯಕರು ಭಾರತಕ್ಕೆ ಬಂದಾಗ ಕೋಟ್ನೀಸರ ಮನೆತನದವರನ್ನು ಕಂಡು ಗೌರವ ಸಲ್ಲಿಸುವುದು ಒಂದು ರೂಢಿಯೇ ಆಗಿಬಿಟ್ಟಿದೆ. 1946ರಲ್ಲಿ ವಿ. ಶಾಂತಾರಾಮರು ಅವರ ಜೀವನವನ್ನು ಚಲನಚಿತ್ರವಾಗಿಸಿದರು. ಎರಡು ದೇಶಗಳ ಸ್ನೇಹದ ಕುರುಹು ಎಂದು ಕೋಟ್ನೀಸರನ್ನು ಕೊಂಡಾಡುವ ಲೇಖನಗಳು ಮರಾಠಿಯಲ್ಲಿಯೂ ಕನ್ನಡದಲ್ಲಿಯೂ ಬಂದಿವೆ. ಅವೆಲ್ಲ ಸರಿ. ಆದರೆ ಅವರು ಮೊದಲಿಗೆ ಒಬ್ಬ ಶಸ್ತ್ರವೈದ್ಯರು. ಬೆಟ್ಟಗಾಡಿನ ಹಳ್ಳಿಗಳಲ್ಲಿ ಹಗಲಿರುಳು ಅವರು ಸೆಣಸಿದ್ದು ಗಾಯದೊಡನೆ, ಗಾಯಕ್ಕಿಂತ ಹೆಚ್ಚಾಗಿ ಗಾಯದ ಬೆನ್ನಿಗೇ ಬರುವ ನಂಜಿನೊಡನೆ. ಆ ಸೆಣಸಾಟದ ಇತಿಹಾಸ ನಮ್ಮ ಊರಿನಲ್ಲಿ ಅಷ್ಟಾಗಿ ಚರ್ಚೆಗೆ ಬಂದಿಲ್ಲ.

ಪ್ರಶ್ನೆ ಬಹಳ ಹಳೆಯದು. ಗುಂಡೇಟು ತಿಂದವನ ರಕ್ತ ನಿಂತಿದೆ, ಮೂಳೆ ಕೂಡಿಸಿದ್ದಾಗಿದೆ, ಅವನು ಎದ್ದು ಕುಳಿತು ಗಂಜಿ ಕುಡಿಯುತ್ತಿದ್ದಾನೆ. ಎಂಟನೆಯ ದಿನಕ್ಕೆ ಚಳಿಜ್ವರ, ಹತ್ತನೆಯ ದಿನಕ್ಕೆ ಸಾವು. ಬೆಂಕಿಗೆ ಸಿಕ್ಕವಳು ಮೊದಲ ದಿನ ಎಲ್ಲರೊಡನೆ ಮಾತನಾಡುತ್ತಾಳೆ, ಮಕ್ಕಳನ್ನು ವಿಚಾರಿಸುತ್ತಾಳೆ. ಬದುಕಿದಳೆಂದು ಮನೆಯವರು ದೇವರಿಗೆ ಕಾಯಿ ಒಡೆಯುತ್ತಾರೆ. ಎರಡನೆಯ ವಾರದಲ್ಲಿ ಕೈಬಿಟ್ಟು ಹೋಗುತ್ತಾಳೆ. ಅವಳನ್ನು ಕೊಂದ ಸೂಕ್ಷ್ಮಾಣು ಭಯಂಕರವಾದುದೇನೂ ಅಲ್ಲ. ನೀರಿನಲ್ಲಿ, ಮಣ್ಣಿನಲ್ಲಿ, ನಮ್ಮೆಲ್ಲರ ಮೈಮೇಲೆ ನಿರುಪದ್ರವಿಯಾಗಿ ಇರುವಂಥದೇ. ಗಟ್ಟಿಮುಟ್ಟಾದ ದೇಹ ದಿನಕ್ಕೆ ನೂರು ಬಾರಿ ಹೊರದಬ್ಬುವ ಶತ್ರುವಿಗೆ ಗಾಯಗೊಂಡ ದೇಹ ಏಕೆ ಬಾಗಿಲು ತೆರೆಯುತ್ತದೆ? ಈ ಪ್ರಶ್ನೆಗೆ ಉತ್ತರ ಹುಡುಕಲು ವೈದ್ಯಶಾಸ್ತ್ರಕ್ಕೆ ನೂರು ವರ್ಷಗಳೇ ಹಿಡಿದವು. ಆ ನೂರು ವರ್ಷಗಳ ನಡುವೆ ಎಲ್ಲಿಯೋ ಸೊಲ್ಲಾಪುರದ ಈ ವೈದ್ಯರು ನಿಂತಿದ್ದಾರೆ.

ಅಕ್ಕಲಕೋಟೆಯ ಅರಮನೆಯ ಶಸ್ತ್ರಾಗಾರವನ್ನು ನೋಡಿದವರಿಗೆ ಭೋಸಲೆ ಸಂಸ್ಥಾನದ ಖಡ್ಗ, ಭರ್ಚಿ, ಬಂದೂಕುಗಳ ಸಾಲು ನೆನಪಿರುತ್ತದೆ. ಆಯುಧಗಳಿಗೆ ಸಂಗ್ರಹಾಲಯವಿದೆ, ಅವು ಮಾಡಿದ ಗಾಯಗಳಿಗೆ ಇಲ್ಲ. ಆದರೆ ಗಾಯಗಳ ನೆನಪು ಭಾಷೆಯಲ್ಲಿ ಉಳಿದಿದೆ. ಗಾಯ ಕೀತುಕೊಂಡರೆ ನಮ್ಮ ಹಿರಿಯರು 'ನಂಜಾಯಿತು' ಎನ್ನುತ್ತಿದ್ದರು. ನಂಜೆಂದರೆ ವಿಷ, ಅದು ಗಾಯದಿಂದ ಹೊರಟು ಮೈಯೆಲ್ಲಕ್ಕೂ ಏರುತ್ತದೆ ಎಂಬ ತಿಳಿವಳಿಕೆ ಆ ಒಂದು ಪದದಲ್ಲಿದೆ. 'ಗಾಯದ ಮೇಲೆ ಬರೆ' ಎಂಬ ನುಡಿಗಟ್ಟೂ ಇದೆ. ಒಂದು ಪೆಟ್ಟು ತಿಂದ ದೇಹಕ್ಕೆ ಎರಡನೆಯ ಪೆಟ್ಟು ತಡೆಯಲಾಗದೆಂಬ ಅನುಭವವಿಲ್ಲದೆ ಇಂಥ ಮಾತು ಹುಟ್ಟುತ್ತಿರಲಿಲ್ಲ.

ಸುಶ್ರುತಸಂಹಿತೆ ಸುಟ್ಟಗಾಯವನ್ನು ಆಳಕ್ಕೆ ಅನುಗುಣವಾಗಿ ಪ್ಲುಷ್ಟ, ದುರ್ದಗ್ಧ, ಸಮ್ಯಗ್ದಗ್ಧ, ಅತಿದಗ್ಧ ಎಂದು ನಾಲ್ಕು ಬಗೆಯಾಗಿ ವಿಂಗಡಿಸಿದೆ. ಅದಕ್ಕಿಂತಲೂ ನನಗೆ ಕುತೂಹಲಕರವಾಗಿ ಕಾಣುವುದು ಸೂತ್ರಸ್ಥಾನದ ಹತ್ತೊಂಬತ್ತನೆಯ ಅಧ್ಯಾಯ. ಅದು ಗಾಯಾಳುವಿನ ಉಪಚಾರಕ್ಕೆಂದೇ ಮೀಸಲಾದುದು. ಅವನ ಕೋಣೆ ಶುಚಿಯಾಗಿರಬೇಕು. ರಕ್ತಮಾಂಸಗಳ ಆಸೆಯಿಂದ ನಿಶಾಚರರು ಅವನನ್ನು ಹುಡುಕಿಕೊಂಡು ಬರುತ್ತಾರೆ. ಆದುದರಿಂದ ಸಾಸಿವೆ, ಬೇವಿನೆಲೆ, ತುಪ್ಪ, ಉಪ್ಪುಗಳ ಧೂಪವನ್ನು ದಿನಕ್ಕೆರಡು ಬಾರಿ, ಹತ್ತು ರಾತ್ರಿಗಳ ಕಾಲ, ಬೇಸರಿಸದೆ ಹಾಕಬೇಕು ಎನ್ನುತ್ತದೆ ಆ ಗ್ರಂಥ. ನಿಶಾಚರರನ್ನು ಬ್ಯಾಕ್ಟೀರಿಯಾ ಎಂದು ಓದಿ, ಎಲ್ಲವೂ ನಮ್ಮವರಿಗೆ ಮೊದಲೇ ತಿಳಿದಿತ್ತೆಂದು ಬೀಗುವುದು ನನಗೆ ಒಪ್ಪಿತವಲ್ಲ. ಆದರೆ ಗಾಯವಾದ ಬಳಿಕದ ಹತ್ತು ದಿನಗಳು ಅಪಾಯದ ದಿನಗಳೆಂದು ಯಾರೋ ಬಹಳ ಎಚ್ಚರದಿಂದ ಗಮನಿಸಿದ್ದರೆಂಬುದನ್ನು ಒಪ್ಪಲೇಬೇಕು.

ಆಧುನಿಕ ಕಾಲದ ಕಥೆ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ರಾಯಲ್ ಇನ್‌ಫರ್ಮರಿ ಆಸ್ಪತ್ರೆಯಲ್ಲಿ ಆರಂಭವಾಗುತ್ತದೆ. 1865ರಲ್ಲಿ ಬಂಡಿಯ ಗಾಲಿ ಹಾಯ್ದು ಕಾಲಿನ ಮೂಳೆ ಮುರಿದು ಹೊರಬಂದಿದ್ದ ಹನ್ನೊಂದು ವರ್ಷದ ಹುಡುಗನ ಗಾಯಕ್ಕೆ ಜೋಸೆಫ್ ಲಿಸ್ಟರ್ ಕಾರ್ಬಾಲಿಕ್ ಆಮ್ಲದ ಪಟ್ಟಿ ಕಟ್ಟಿದರು. ಆ ಕಾಲದಲ್ಲಿ ಅಂಥ ಗಾಯವೆಂದರೆ ಕಾಲು ಕತ್ತರಿಸುವುದು ಅಥವಾ ಸಾವು. ಹುಡುಗ ಕಾಲೂರಿ ನಡೆದು ಮನೆಗೆ ಹೋದ. 1867ರಲ್ಲಿ ಲಿಸ್ಟರ್ ತಮ್ಮ ಅನುಭವಗಳನ್ನು ಪ್ರಕಟಿಸಿದರು. ಶತ್ರು ಹೊರಗಿನವನು, ಅವನನ್ನು ಬಾಗಿಲಲ್ಲೇ ಕೊಲ್ಲಬೇಕು ಎಂಬುದು ಅಲ್ಲಿಂದ ಮುಂದೆ ಶಸ್ತ್ರವೈದ್ಯರ ಮೂಲಮಂತ್ರವಾಯಿತು.

ಇದು ಅರ್ಧ ಸತ್ಯ. ಉಳಿದರ್ಧವನ್ನು 1882ರಲ್ಲಿ ಇಟಲಿಯ ಮೆಸೀನಾದ ಕಡಲತೀರದಲ್ಲಿ ರಷ್ಯಾದ ಜೀವವಿಜ್ಞಾನಿ ಮೆಚ್ನಿಕಾಫ್ ಕಂಡರು. ನಕ್ಷತ್ರಮೀನಿನ ಪಾರದರ್ಶಕ ಮರಿಯ ಮೈಗೆ ಮುಳ್ಳು ಚುಚ್ಚಿ ಮರುದಿನ ನೋಡಿದಾಗ, ಮುಳ್ಳಿನ ಸುತ್ತ ಅಲೆದಾಡುವ ಜೀವಕೋಶಗಳು ಮುತ್ತಿಗೆ ಹಾಕಿದ್ದವು. ನಮ್ಮ ರಕ್ತದ ಬಿಳಿಕಣಗಳೂ ಇದೇ ಜಾತಿಯವು: ಗಾಯದ ಜಾಗಕ್ಕೆ ಧಾವಿಸಿ ಸೂಕ್ಷ್ಮಾಣುಗಳನ್ನು ನುಂಗಿ ಜೀರ್ಣಿಸುವಂಥವು. ಹೊರಗಿನಿಂದ ಬರುವ ಶತ್ರುವಿದ್ದರೆ ಒಳಗೆ ಕಾವಲುಪಡೆಯೂ ಇದೆಯೆಂದಾಯಿತು. 1908ರಲ್ಲಿ ಮೆಚ್ನಿಕಾಫರಿಗೆ ನೊಬೆಲ್ ಬಂದಿತು.

ಈ ಎರಡು ಸತ್ಯಗಳು ಮುಖಾಮುಖಿಯಾದದ್ದು ಮೊದಲ ಮಹಾಯುದ್ಧದಲ್ಲಿ. ಫ್ರಾನ್ಸಿನ ಬೊಲೋನ್ ಪಟ್ಟಣದ ಸೇನಾ ಪ್ರಯೋಗಾಲಯದಲ್ಲಿ ಆಲ್ಮ್‌ರಾತ್ ರೈಟ್ ಮತ್ತು ಅವರ ಶಿಷ್ಯ ಅಲೆಕ್ಸಾಂಡರ್ ಫ್ಲೆಮಿಂಗ್ ಗಾಯಗಳನ್ನು ಪರೀಕ್ಷಿಸುತ್ತ ಕುಳಿತಿದ್ದರು. ಗೊಬ್ಬರ ತುಂಬಿದ ಹೊಲಗಳಲ್ಲಿ ನಡೆದ ಯುದ್ಧವದು, ಗಾಯಗಳೆಲ್ಲ ಮಣ್ಣುಮಯ. ವೈದ್ಯರು ಲಿಸ್ಟರರ ಹಾದಿ ಹಿಡಿದು ಗಾಯಕ್ಕೆ ಕ್ರಿಮಿನಾಶಕ ಸುರಿಯುತ್ತಿದ್ದರು. ಫ್ಲೆಮಿಂಗ್ ಗಾಜಿನ ನಳಿಗೆಯನ್ನು ಕಾಯಿಸಿ, ಗುಂಡೇಟಿನ ಗಾಯದಲ್ಲಿರುವಂತೆ ಅಂಕುಡೊಂಕಾದ ಮೂಲೆಗಳನ್ನು ಎಳೆದು, ಕೃತಕ ಗಾಯವೊಂದನ್ನು ಮಾಡಿ ತೋರಿಸಿದರು: ಮೂಲೆಗಳಲ್ಲಿ ಅಡಗಿದ ಸೂಕ್ಷ್ಮಾಣುವನ್ನು ಔಷಧ ತಲುಪುವುದೇ ಇಲ್ಲ. ಅದಕ್ಕಿಂತ ಕೆಡುಕಿನ ಸಂಗತಿಯೆಂದರೆ, ಆ ಔಷಧ ಸೂಕ್ಷ್ಮಾಣುಗಳಿಗಿಂತ ಮೊದಲು ಬಿಳಿರಕ್ತಕಣಗಳನ್ನೇ ಕೊಲ್ಲುತ್ತಿತ್ತು. ಕಳ್ಳನನ್ನು ಹಿಡಿಯಲು ಹೋಗಿ ಕಾವಲುಗಾರನನ್ನು ಬಡಿದಂತೆ. ಗಾಯಾಳುವಿನ ಸ್ವಂತ ರಕ್ಷಣೆಯನ್ನು ಕಾಪಾಡುವುದೇ ಚಿಕಿತ್ಸೆಯ ಮೊದಲ ಹೊಣೆ ಎಂಬ ಮಾತು ಆಗ ಕೇಳಿಬಂದಿತು, ಕೇಳಿದವರು ಕಡಿಮೆ.

ಮುಂದಿನ ಯುದ್ಧದ ಹೊತ್ತಿಗೆ ನಾವು ಸೊಲ್ಲಾಪುರಕ್ಕೆ ಬರುತ್ತೇವೆ. ಕೋಟ್ನೀಸರು ಹುಟ್ಟಿದ್ದು 1910ರ ಅಕ್ಟೋಬರ್ 10ರಂದು. ಮುಂಬಯಿಯ ಸೇಠ್ ಜಿ. ಎಸ್. ವೈದ್ಯಕೀಯ ಕಾಲೇಜಿನಲ್ಲಿ ಓದಿದರು. ಜಪಾನಿನ ಆಕ್ರಮಣಕ್ಕೆ ಸಿಲುಕಿದ ಚೀನಾಕ್ಕೆ ನೆರವು ಬೇಕೆಂದು ಸೇನಾನಿ ಜೂ ದೆ ನೆಹರೂ ಅವರಿಗೆ ಬರೆದಾಗ, ಆಗ ಕಾಂಗ್ರೆಸ್ ಅಧ್ಯಕ್ಷರಾಗಿದ್ದ ಸುಭಾಷಚಂದ್ರ ಬೋಸರು ನಿಧಿ ಕೂಡಿಸಿ ವೈದ್ಯರ ತಂಡವೊಂದನ್ನು ಕಳಿಸಿದರು. 1938ರ ಸೆಪ್ಟೆಂಬರ್ 1ರಂದು ಮುಂಬಯಿಯಿಂದ ಹಡಗು ಹತ್ತಿದವರು ಐವರು: ಅಲಹಾಬಾದಿನ ಡಾ. ಅಟಲ್, ನಾಗಪುರದ ಡಾ. ಚೋಳ್ಕರ್, ಕಲಕತ್ತೆಯ ಡಾ. ಬಸು ಹಾಗೂ ಡಾ. ಮುಖರ್ಜಿ, ಮತ್ತು ಇನ್ನೂ ಇಪ್ಪತ್ತೆಂಟು ತುಂಬದ ಸೊಲ್ಲಾಪುರದ ಕೋಟ್ನೀಸ. ತಂದೆ ತೀರಿಕೊಂಡ ಸುದ್ದಿ ಚೀನಾಕ್ಕೆ ಬಂದು ಮುಟ್ಟಿದಾಗಲೂ ಅವರು ಹಿಂದಿರುಗಲಿಲ್ಲ. 1939ರ ಫೆಬ್ರವರಿಯಲ್ಲಿ ತಂಡ ಯೆನಾನ್ ಸೇರಿತು.

ಅದೇ ಹೊತ್ತಿನಲ್ಲಿ, ಉತ್ತರ ಚೀನಾದ ಬೆಟ್ಟಗಳಲ್ಲಿ ಕೆನಡಾದ ಶಸ್ತ್ರವೈದ್ಯ ನಾರ್ಮನ್ ಬೆಥೂನ್ ಕೆಲಸ ಮಾಡುತ್ತಿದ್ದರು. ಕೋಟ್ನೀಸರ ಕಥೆಯನ್ನು ಬೆಥೂನರ ಕಥೆಯಿಂದ ಬೇರ್ಪಡಿಸಲಾಗದು. ಮಾಂಟ್ರಿಯಲ್ ನಗರದ ರಾಯಲ್ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಎದೆಯ ಶಸ್ತ್ರಚಿಕಿತ್ಸೆ ಕಲಿತವರು, ಸ್ವತಃ ಕ್ಷಯದಿಂದ ನರಳಿ ಎದ್ದವರು, ಸ್ಪೇನಿನ ಅಂತರ್ಯುದ್ಧದಲ್ಲಿ ರಣರಂಗಕ್ಕೆ ರಕ್ತವನ್ನು ಹೊತ್ತೊಯ್ಯುವ ವ್ಯವಸ್ಥೆ ಕಟ್ಟಿದವರು. ಚೀನಾದಲ್ಲಿ ಅವರು ಹಿಡಿದ ನಿಯಮ ಒಂದೇ: ಗಾಯಾಳು ವೈದ್ಯನನ್ನು ಹುಡುಕಿಕೊಂಡು ಬರುವುದಲ್ಲ, ವೈದ್ಯನೇ ಗಾಯಾಳುವಿನ ಬಳಿಗೆ ಹೋಗಬೇಕು. ಡೋಲಿಯಲ್ಲಿ ದಿನಗಟ್ಟಲೆ ಹೊತ್ತು ತಂದ ಗಾಯ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಕೊಳೆತಿರುತ್ತಿತ್ತು. ಕೆಲವೇ ಗಂಟೆಗಳೊಳಗೆ ಸತ್ತ ಮಾಂಸವನ್ನು ಕತ್ತರಿಸಿ ತೆಗೆದ ಗಾಯ ಎಷ್ಟೋ ಸಲ ಸೋಂಕಿಲ್ಲದೆ ಮಾಯುತ್ತಿತ್ತು. 1939ರ ಏಪ್ರಿಲ್‌ನಲ್ಲಿ ಫಿರಂಗಿಯ ಸದ್ದಿನ ನಡುವೆ ಅವರು 69 ಗಂಟೆಗಳಲ್ಲಿ 115 ಶಸ್ತ್ರಕ್ರಿಯೆ ಮಾಡಿದರು.

ಅದೇ ವರ್ಷದ ಅಕ್ಟೋಬರ್ ಕೊನೆಯಲ್ಲಿ ಶತ್ರುಸೇನೆ ಹತ್ತಿರ ಬರುತ್ತಿದೆಯೆಂಬ ಆತುರದಲ್ಲಿ ಶಸ್ತ್ರಕ್ರಿಯೆ ಮಾಡುವಾಗ ಬೆಥೂನರ ಬೆರಳಿಗೆ ಚಿಕ್ಕ ಗಾಯವಾಯಿತು. ಕೆಲ ದಿನಗಳ ಬಳಿಕ, ತೀವ್ರ ಸೋಂಕು ತಗುಲಿದ್ದ ಸೈನಿಕನೊಬ್ಬನಿಗೆ ಕೈಗವಸಿಲ್ಲದೆ ಅದೇ ಕೈಯಿಂದ ಶಸ್ತ್ರಕ್ರಿಯೆ ಮಾಡಿದರು. ನಂಜು ಬೆರಳಿನಿಂದ ತೋಳಿಗೆ, ತೋಳಿನಿಂದ ರಕ್ತಕ್ಕೆ ಏರಿತು. ನವೆಂಬರ್ 12ರಂದು, 49ನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡರು. ಬೆರಳಿನ ಗಾಯ ಚಿಕ್ಕದು, ನಿಜ. ಆದರೆ ಆ ಬೆರಳಿನ ಹಿಂದಿದ್ದ ದೇಹ ಹಿಂದೊಮ್ಮೆ ಕ್ಷಯಕ್ಕೆ ಒಂದು ಶ್ವಾಸಕೋಶವನ್ನು ಒತ್ತೆಯಿಟ್ಟಿತ್ತು. ತಿಂಗಳುಗಟ್ಟಲೆ ನಿದ್ರೆಗೆಟ್ಟು ಅರೆಹೊಟ್ಟೆಯಲ್ಲಿ ದುಡಿದಿತ್ತು. ಶತ್ರು ಎಷ್ಟು ಬಲಶಾಲಿ ಎಂಬುದಷ್ಟೇ ಲೆಕ್ಕವಲ್ಲ, ಎದುರು ನಿಂತ ದೇಹದಲ್ಲಿ ಎಷ್ಟು ಕಸುವು ಉಳಿದಿದೆ ಎಂಬುದೂ ಲೆಕ್ಕ.

ಬೆಥೂನರು ತೆರವು ಮಾಡಿದ ಜಾಗಕ್ಕೆ ಕೋಟ್ನೀಸರು ಬಂದರು. 1940ರ ಹೋರಾಟಗಳಲ್ಲಿ ಅವರು 72 ಗಂಟೆಗಳ ಕಾಲ ಕಣ್ಣು ಮುಚ್ಚದೆ ಶಸ್ತ್ರಕ್ರಿಯೆ ನಡೆಸಿದರೆಂದೂ 800ಕ್ಕೂ ಹೆಚ್ಚು ಗಾಯಾಳುಗಳನ್ನು ಉಪಚರಿಸಿದರೆಂದೂ ದಾಖಲೆಯಿದೆ. 1941ರ ಜನವರಿಯಲ್ಲಿ ಬೆಥೂನ್ ಅಂತರರಾಷ್ಟ್ರೀಯ ಶಾಂತಿ ಆಸ್ಪತ್ರೆಯ ಮುಖ್ಯಸ್ಥರಾದರು. ಚೀನೀ ಭಾಷೆ ಕಲಿತು ಅದರಲ್ಲಿಯೇ ಪಾಠ ಹೇಳಿದರು. ಔಷಧಗಳಿಗೆ ದಿಗ್ಬಂಧನ, ಸಲ್ಫಾ ಗುಳಿಗೆ ಬಂಗಾರಕ್ಕಿಂತ ತುಟ್ಟಿ, ಪೆನಿಸಿಲಿನ್ ಆ ಬೆಟ್ಟಗಳ ಪಾಲಿಗೆ ಇನ್ನೂ ಇರಲಿಲ್ಲ. ಅವರ ಕೈಯಲ್ಲಿದ್ದುದು ಕುದಿಸಿದ ಬಟ್ಟೆ, ಹರಿತ ಚೂರಿ, ಬೇಗ ಕೈಹಚ್ಚುವ ಶಿಸ್ತು, ಗಾಯಾಳುವಿನ ಊಟ ನಿದ್ರೆಗಳ ಕಾಳಜಿ. ಔಷಧವಿಲ್ಲದ ವೈದ್ಯನಿಗೆ ಗಾಯಾಳುವಿನ ಸ್ವಂತ ಶಕ್ತಿಯೇ ಔಷಧ. ಸೂಕ್ಷ್ಮಾಣುವನ್ನು ಕೊಲ್ಲುವ ಸಾಧನವಿಲ್ಲದಿದ್ದಾಗ ಅದರ ಆಹಾರವಾದ ಸತ್ತ ಮಾಂಸವನ್ನು ತೆಗೆದುಹಾಕುವುದೇ ಉಳಿದ ದಾರಿ. 1942ರ ಡಿಸೆಂಬರ್ 9ರಂದು ಅಪಸ್ಮಾರದ ಹೊಡೆತಕ್ಕೆ ಸಿಕ್ಕು ಕೋಟ್ನೀಸರು ತೀರಿಕೊಂಡರು. ಪತ್ನಿ ಗುವೊ ಚಿಂಗ್‌ಲಾನ್. ಮಗು ಯಿನ್‌ಹುವಾ ಆಗ ನಾಲ್ಕು ತಿಂಗಳೂ ತುಂಬದ ಕೂಸು.

ಈಗ ಅದೇ ವರ್ಷಗಳಲ್ಲಿ ಬೇರೆಡೆ ಏನು ನಡೆಯುತ್ತಿತ್ತೆಂಬುದನ್ನು ನೋಡಬೇಕು. ಬೆಥೂನರು ಸ್ಪೇನಿಗೆ ಹೊರಟ 1936ರಲ್ಲಿಯೇ, ಅವರ ಮಾಂಟ್ರಿಯಲ್ ನಗರದ ಮೆಕ್‌ಗಿಲ್ ವಿಶ್ವವಿದ್ಯಾಲಯದಿಂದ ಹ್ಯಾನ್ಸ್ ಸೆಲ್ಯೆ ಎಂಬ ವಿಜ್ಞಾನಿ 'ನೇಚರ್' ಪತ್ರಿಕೆಗೆ ಒಂದು ಪುಟ್ಟ ಬರಹ ಕಳಿಸಿದರು. ಇಲಿಗಳಿಗೆ ಕೊರೆಯುವ ಚಳಿ, ವಿಷ, ಅತಿಯಾದ ದಣಿವು, ಶಸ್ತ್ರದ ಗಾಯ, ಹೀಗೆ ಯಾವ ಬಗೆಯ ಪೆಟ್ಟು ಕೊಟ್ಟರೂ ಒಳಗೆ ಆಗುವುದು ಒಂದೇ: ಎರಡು ದಿನಗಳೊಳಗೆ ಎದೆಯಲ್ಲಿರುವ ಥೈಮಸ್ ಗ್ರಂಥಿ, ಗುಲ್ಮ, ಹಾಲ್ರಸದ ಗಂಟುಗಳು ಕುಗ್ಗಿಹೋಗುತ್ತವೆ. ಈ ಅಂಗಗಳೇ ದೇಹದ ಕಾವಲುಪಡೆಯ ತರಬೇತಿ ಶಿಬಿರಗಳೆಂಬುದು ಅಂದಿಗೆ ಪೂರ್ತಿ ತಿಳಿದಿರಲಿಲ್ಲ. ಇಂದು ಆ ಬರಹವನ್ನು ಓದಿದರೆ, ಗಾಯವು ಸೈನ್ಯವನ್ನೇ ಕರಗಿಸುತ್ತದೆ ಎಂಬ ಸತ್ಯ ಅಲ್ಲಿಯೇ ಕಣ್ಣಮುಂದಿತ್ತೆನಿಸುತ್ತದೆ.

ಲಿಸ್ಟರರ ಗ್ಲಾಸ್ಗೋ ಆಸ್ಪತ್ರೆಯಲ್ಲಿ ಡೇವಿಡ್ ಕತ್‌ಬರ್ಟ್‌ಸನ್ 1930ರ ಸುಮಾರಿನಿಂದ ಮೂಳೆ ಮುರಿದವರ ಮೂತ್ರವನ್ನು ಅಳೆಯುತ್ತಿದ್ದರು. ಕಾಲಿನ ಒಂದು ಮೂಳೆ ಮುರಿದರೆ ಮೈಯೆಲ್ಲದರ ಮಾಂಸಖಂಡ ಕರಗಿ ಸಾರಜನಕವಾಗಿ ಹೊರಹೋಗುತ್ತದೆಂದು ಅವರು ಕಂಡರು. ಗಾಯದ ತರುವಾಯ ದೇಹ ಮೊದಲು ತಣ್ಣಗಾಗಿ ಇಳಿಯುತ್ತದೆ, ಆಮೇಲೆ ಉರಿಯುತ್ತ ತನ್ನನ್ನೇ ತಿನ್ನತೊಡಗುತ್ತದೆ. ಇಳಿತ ಮತ್ತು ಉಬ್ಬರದ ಈ ಎರಡು ಹಂತಗಳನ್ನು ಅವರು ವಿವರಿಸಿದ್ದು 1942ರಲ್ಲಿ. ಅದೇ ಆಸ್ಪತ್ರೆಯ ಸುಟ್ಟಗಾಯದ ವಿಭಾಗದಲ್ಲಿ ಪೀಟರ್ ಮೆಡಾವರ್ ಮತ್ತು ಥಾಮಸ್ ಗಿಬ್ಸನ್ ಸುಟ್ಟ ಮೈಗೆ ಬೇರೆಯವರ ಚರ್ಮ ಅಂಟಿಸಿದರೆ ಅದು ಏಕೆ ನಿಲ್ಲುವುದಿಲ್ಲವೆಂದು ಹುಡುಕುತ್ತಿದ್ದರು. 1943ರಲ್ಲಿ ಪ್ರಕಟವಾದ ಅವರ ಉತ್ತರ: ದೇಹದ ಕಾವಲುಪಡೆ ಪರಕೀಯ ಚರ್ಮವನ್ನು ಗುರುತಿಸಿ ಹೊರದಬ್ಬುತ್ತದೆ, ಎರಡನೆಯ ಸಲ ಅದೇ ದಾನಿಯ ಚರ್ಮ ಹಾಕಿದರೆ ಇನ್ನೂ ಬೇಗ ದಬ್ಬುತ್ತದೆ. ಅಂಗಾಂಗ ಕಸಿಯ ಶಾಸ್ತ್ರವೆಲ್ಲ ಹುಟ್ಟಿದ್ದು ಹೀಗೆ ಸುಟ್ಟಗಾಯದ ಹಾಸಿಗೆಯ ಪಕ್ಕದಲ್ಲಿ.

ಕೋಟ್ನೀಸರು ತೀರಿಕೊಳ್ಳುವ ಹನ್ನೊಂದು ದಿನ ಮೊದಲು, 1942ರ ನವೆಂಬರ್ 28ರ ರಾತ್ರಿ, ಅಮೆರಿಕದ ಬಾಸ್ಟನ್ ನಗರದ ಕೊಕೊನಟ್ ಗ್ರೋವ್ ಎಂಬ ವಿಹಾರಗೃಹಕ್ಕೆ ಬೆಂಕಿ ಬಿದ್ದು 492 ಜನ ಸತ್ತರು. ಗಾಯಾಳುಗಳಿಗಾಗಿ ಪೊಲೀಸ್ ಬೆಂಗಾವಲಿನಲ್ಲಿ ಪೆನಿಸಿಲಿನ್ ಬಂದಿತು. ರಕ್ತದ ದ್ರವವನ್ನು ತುಂಬಿಸಿ ಆಘಾತದ ಮೊದಲೆರಡು ದಿನಗಳನ್ನು ದಾಟಿಸುವ ವಿಧಾನ ಅಲ್ಲಿಂದ ಖಚಿತವಾಯಿತು. ಮೊದಲ ಎರಡು ದಿನಗಳಲ್ಲಿ ಸಾಯುತ್ತಿದ್ದವರು ಬದುಕತೊಡಗಿದರು. ಆಗಲೇ ಎರಡನೆಯ ವಾರದ ಸಾವು ನಿಚ್ಚಳವಾಗಿ ಕಾಣಿಸಿಕೊಂಡಿತು.

ಪ್ರತಿಜೀವಕ ಔಷಧಗಳು ಬಂದ ಮೇಲೆ ನಂಜಿನ ಕಥೆ ಮುಗಿಯಿತೆಂದು ಬಹಳ ಜನ ನಂಬಿದ್ದರು. ಮುಗಿಯಲಿಲ್ಲ. ಒಂದು ಸೂಕ್ಷ್ಮಾಣು ಹೋದರೆ ಇನ್ನೊಂದು ಬಂದಿತು. ಹಸಿರು ಕೀವಿನ ಸ್ಯೂಡೊಮೊನಾಸ್ ಸುಟ್ಟಗಾಯದ ವಾರ್ಡುಗಳ ಯಮನಾಯಿತು. ನ್ಯೂಯಾರ್ಕಿನ ಚಾರ್ಲ್ಸ್ ಫಾಕ್ಸ್ 1968ರಲ್ಲಿ ರೂಪಿಸಿದ ಬೆಳ್ಳಿಯ ಲೇಪ, ಅಂದರೆ ಇಂದಿಗೂ ಬಳಕೆಯಲ್ಲಿರುವ ಬಿಳಿಯ ಸಿಲ್ವರ್ ಸಲ್ಫಾಡಯಜಿನ್, ಎಷ್ಟೋ ಜೀವ ಉಳಿಸಿತು. ಆದರೂ ಸಂಶಯ ಬಲಿಯುತ್ತ ಹೋಯಿತು: ದೋಷ ಸೂಕ್ಷ್ಮಾಣುವಿನಲ್ಲಿ ಮಾತ್ರವಲ್ಲ, ರೋಗಿಯ ಕಾವಲಿನಲ್ಲಿಯೂ ಇದೆ. ಸುಟ್ಟವರ ಬಿಳಿರಕ್ತಕಣಗಳನ್ನು ಪರೀಕ್ಷಿಸಿದಾಗ, ಅವು ಸೂಕ್ಷ್ಮಾಣುವನ್ನು ನುಂಗಿದರೂ ಒಳಗೆ ಕೊಲ್ಲಲಾರದೆ ಸೋಲುತ್ತಿದ್ದುದು ಕಂಡಿತು. ಇನ್ನೊಂದು ಸುಳಿವು ಮೆಡಾವರರ ಚರ್ಮದಿಂದಲೇ ಬಂದಿತು. ತೀವ್ರವಾಗಿ ಸುಟ್ಟವರ ಮೈಮೇಲೆ ಪರರ ಚರ್ಮ ಆರೋಗ್ಯವಂತರಲ್ಲಿ ನಿಲ್ಲುವುದಕ್ಕಿಂತ ಹೆಚ್ಚು ದಿನ ನಿಲ್ಲುತ್ತಿತ್ತು. ಪರಕೀಯನನ್ನು ಗುರುತಿಸಿ ದಬ್ಬುವ ಶಕ್ತಿಯೇ ಅಲ್ಲಿ ಮಲಗಿತ್ತು.

1975ರಲ್ಲಿ ಈ ಸಂಶಯಕ್ಕೆ ಸರಳವಾದೊಂದು ಅಳತೆಗೋಲು ಸಿಕ್ಕಿತು, ಅದೂ ಬೆಥೂನರು ಕಲಿತ ರಾಯಲ್ ವಿಕ್ಟೋರಿಯಾ ಆಸ್ಪತ್ರೆಯಲ್ಲಿ. ಮೆಕ್ಲೇನ್, ಮೀಕಿನ್ಸ್ ಮತ್ತವರ ಸಂಗಡಿಗರು ಗಾಯಾಳುಗಳ, ಶಸ್ತ್ರಕ್ರಿಯೆಗೊಳಗಾದವರ ಮುಂಗೈ ಚರ್ಮದೊಳಗೆ ಕ್ಷಯದ ಪರೀಕ್ಷೆಗೆ ಬಳಸುವಂಥ ಕೆಲವು ಪರಿಚಿತ ಪದಾರ್ಥಗಳನ್ನು ಚುಚ್ಚಿದರು. ಎಚ್ಚರವಾಗಿರುವ ದೇಹದಲ್ಲಿ ಎರಡು ದಿನಗಳಲ್ಲಿ ಆ ಜಾಗ ಕೆಂಪಾಗಿ ಗಡುಸಾಗುತ್ತದೆ. ಯಾರ ಕೈಯಲ್ಲಿ ಯಾವ ಗುರುತೂ ಮೂಡಲಿಲ್ಲವೋ ಅವರಲ್ಲಿಯೇ ನಂಜೂ ಸಾವೂ ಬಹಳ ಹೆಚ್ಚಾಗಿದ್ದವು. ಗಾಯ ಮಾಯುತ್ತ ಬಂದವರಲ್ಲಿ ಆ ಪ್ರತಿಕ್ರಿಯೆ ಮರಳಿ ಬರುತ್ತಿತ್ತು.

ಹಾಗಾದರೆ ಒಳಗೆ ನಡೆಯುವುದೇನು? ಕೋಟೆಯ ಹೋಲಿಕೆ ಗಡಿನಾಡಿನ ನಮಗೆ ಸುಲಭ. ಚರ್ಮವೇ ಕೋಟೆಯ ಗೋಡೆ; ಸುಟ್ಟರೆ ಗೋಡೆ ಬೀಳುತ್ತದೆ. ಬಿದ್ದ ಗೋಡೆಯ ಅವಶೇಷ, ಎಂದರೆ ಸತ್ತ ಚರ್ಮದ ಹೊರಪೊರೆ, ಶತ್ರುವಿಗೆ ಅನ್ನವಾಗುತ್ತದೆ. ಅದರಲ್ಲಿ ರಕ್ತಸಂಚಾರವಿಲ್ಲವಾದ್ದರಿಂದ ಬಿಳಿಕಣವೂ ತಲುಪದು, ಇಂಜೆಕ್ಷನ್ನಿನ ಔಷಧವೂ ತಲುಪದು. ರಕ್ತದ ದ್ರವ ಸೋರಿಹೋಗುವಾಗ ಅದರೊಡನೆ ಪ್ರತಿಕಾಯಗಳೂ ಸೋರುತ್ತವೆ. ವಯಸ್ಕರಲ್ಲಿ ಸುಟ್ಟ ಭಾಗ ಮೈಯ ಐದನೆಯ ಒಂದು ಪಾಲನ್ನು ಮೀರಿದರೆ ಅದು ಚರ್ಮದ ರೋಗವಾಗಿ ಉಳಿಯದೆ ಇಡೀ ದೇಹದ ರೋಗವಾಗುತ್ತದೆ. ಬೆರಳುಗಳೂ ಸೇರಿದಂತೆ ರೋಗಿಯ ಅಂಗೈಯ ಅಗಲ ಮೈಯ ಸುಮಾರು ನೂರನೆಯ ಒಂದು ಪಾಲು. ಈ ಲೆಕ್ಕದಿಂದ ಅಳತೆ ಹಿಡಿಯುತ್ತಾರೆ.

ಕೋಟೆಯೊಳಗಿನ ಗದ್ದಲ ಇನ್ನೂ ವಿಚಿತ್ರ. ಪ್ರತಿ ಜೀವಕೋಶದಲ್ಲಿಯೂ ಶಕ್ತಿ ಉತ್ಪಾದಿಸುವ ಮೈಟೊಕಾಂಡ್ರಿಯಾ ಎಂಬ ಕಣಗಳಿವೆ. ಕೋಟ್ಯಂತರ ವರ್ಷಗಳ ಹಿಂದೆ ಅವು ಸ್ವತಂತ್ರ ಬ್ಯಾಕ್ಟೀರಿಯಾಗಳಾಗಿದ್ದವು. ಗಾಯದಿಂದ ಜೀವಕೋಶ ಒಡೆದಾಗ ಇವು ರಕ್ತಕ್ಕೆ ಬೀಳುತ್ತವೆ. ಹಳೆಯ ಕುಲದ ಗುರುತು ಕಂಡು ಕಾವಲುಪಡೆ ಬ್ಯಾಕ್ಟೀರಿಯಾ ನುಗ್ಗಿತೆಂದು ಭಾವಿಸಿ ಎಲ್ಲೆಡೆ ಏಕಕಾಲಕ್ಕೆ ಕಹಳೆ ಊದುತ್ತದೆ. 2010ರಲ್ಲಿ ಬಾಸ್ಟನ್ನಿನ ಸಂಶೋಧಕರು ಇದನ್ನು ತೋರಿಸಿದರು. ಇಲ್ಲದ ಶತ್ರುವಿನ ಮೇಲೆ ಪಡೆ ತನ್ನ ಬಾಣಗಳನ್ನೆಲ್ಲ ಖರ್ಚುಮಾಡುತ್ತದೆ. ಅದೇ ಹೊತ್ತಿಗೆ ಅತಿರೇಕವನ್ನು ತಣಿಸಲೆಂದು ಕಾರ್ಟಿಸಾಲ್ ಮೊದಲಾದ ಹಾರ್ಮೋನುಗಳು ಏರಿ ಪಡೆಯನ್ನು ಹತ್ತಿಕ್ಕುತ್ತವೆ. ಲಿಂಫೊಸೈಟ್ ಕಣಗಳು ತಂಡತಂಡವಾಗಿ ಸಾಯುತ್ತವೆ. ಶತ್ರುವಿನ ಗುರುತನ್ನು ಇತರ ಕಣಗಳಿಗೆ ತೋರಿಸಿಕೊಡುವ ಮಾನೊಸೈಟ್‌ಗಳು ಆ ಕೆಲಸವನ್ನೇ ಮರೆಯುತ್ತವೆ. ಮೊದಲು ಉರಿ, ಆಮೇಲೆ ದೌರ್ಬಲ್ಯ ಎಂದು ಬಹುಕಾಲ ತಿಳಿಯಲಾಗಿತ್ತು. 2011ರಲ್ಲಿ ಪ್ರಕಟವಾದ ಅಧ್ಯಯನವೊಂದು ತೀವ್ರ ಗಾಯಾಳುಗಳ ಬಿಳಿರಕ್ತಕಣಗಳಲ್ಲಿ ನೂರಕ್ಕೆ ಎಂಬತ್ತರಷ್ಟು ವಂಶವಾಹಿಗಳ ನಡವಳಿಕೆಯೇ ಬದಲಾಗುತ್ತದೆಂದೂ, ಉರಿ ಮತ್ತು ದೌರ್ಬಲ್ಯ ಒಟ್ಟಿಗೇ ಆರಂಭವಾಗುತ್ತವೆಂದೂ ತೋರಿಸಿತು. ಎಂಟನೆಯ ದಿನ ನಂಜು ಕಾಣಿಸಿಕೊಂಡರೂ ಕೋಟೆಯ ಬಾಗಿಲು ಮೊದಲ ದಿನವೇ ಸಡಿಲವಾಗಿರುತ್ತದೆ.

ಇದೆಲ್ಲ ದೂರದ ಪ್ರಯೋಗಾಲಯದ ಮಾತೆಂದು ಸೊಲ್ಲಾಪುರದವರು ಸುಮ್ಮನಿರುವಂತಿಲ್ಲ. ನಮ್ಮದು ಹತ್ತಿ, ನೂಲು, ಚಾದರ, ಟವೆಲ್ಲುಗಳ ಊರು. ಕಿಡಿಗೆ ಕಾದಿರುವ ಸರಕು. 2025ರ ಮೇ 18ರಂದು ಅಕ್ಕಲಕೋಟೆ ರಸ್ತೆಯ ಕೈಗಾರಿಕಾ ವಸಾಹತಿನ ಟವೆಲ್ ಕಾರ್ಖಾನೆಯಲ್ಲಿ ಬೆಂಕಿ ಎದ್ದು ಎಂಟು ಜನ ಸತ್ತದ್ದನ್ನು ಯಾರೂ ಮರೆತಿಲ್ಲ. ಭಾರತದಲ್ಲಿ ವರ್ಷಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ಜನ ಮಧ್ಯಮ ಇಲ್ಲವೇ ತೀವ್ರ ಸುಟ್ಟಗಾಯಕ್ಕೆ ಗುರಿಯಾಗುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದರ ಬಹುಪಾಲು ಅಡುಗೆಮನೆಯಲ್ಲಿ, ಸುದ್ದಿಯಾಗದೆ. ಸೊಲ್ಲಾಪುರದ ವೈಶಂಪಾಯನ ಸ್ಮಾರಕ ವೈದ್ಯಕೀಯ ಕಾಲೇಜು 1963ರಲ್ಲಿ ಆರಂಭವಾಯಿತು. ಅಕ್ಕಲಕೋಟೆ, ಮೈಂದರ್ಗಿ, ದುಧನಿಗಳಿಂದಲೂ ಗಡಿಯಾಚೆಯ ಇಂಡಿ, ಆಳಂದಗಳಿಂದಲೂ ರೋಗಿಗಳು ಸೊಲ್ಲಾಪುರದ ಆಸ್ಪತ್ರೆಗಳಿಗೇ ಬರುತ್ತಾರೆ. ಅವರ ನೋವಿನ ಭಾಷೆ ಬಹುಮಟ್ಟಿಗೆ ಕನ್ನಡ; ಕೇಸ್‌ಪೇಪರಿನ ಭಾಷೆ ಬೇರೆ. ಎಂಟನೆಯ ದಿನದ ಅಪಾಯವನ್ನು ಅವರಿಗೆ ತಿಳಿಯುವ ಮಾತಿನಲ್ಲಿ ಹೇಳುವವರು ಬೇಕು.

ಹೇಳಬೇಕಾದುದು ಬಹಳವಿಲ್ಲ, ಆದರೆ ನಮ್ಮ ಮನೆಗಳ ರೂಢಿಗೆ ವಿರುದ್ಧವಾದುದು. ಸುಟ್ಟೊಡನೆ ಇಪ್ಪತ್ತು ನಿಮಿಷ ಹರಿಯುವ ತಣ್ಣೀರು ಬಿಟ್ಟರೆ ಬೇರೇನೂ ಬೇಡ. ಶಾಯಿ, ಟೂತ್‌ಪೇಸ್ಟು, ಸಗಣಿ ಇವೆಲ್ಲ ಬಿದ್ದ ಗೋಡೆಯ ಬಳಿ ಶತ್ರುವನ್ನು ನಾವೇ ಕರೆದು ಕೂಡಿಸಿದಂತೆ. ಊರಿನವರೆಲ್ಲ ಹಾಸಿಗೆಯ ಸುತ್ತ ನೆರೆಯುವುದು ಪ್ರೀತಿಯ ಲಕ್ಷಣವೇ; ಆದರೆ ಕಾವಲು ಮಲಗಿರುವಾಗ ಪ್ರತಿಯೊಂದು ತೊಳೆಯದ ಕೈಯೂ ಅಪಾಯ. ಊಟದ ವಿಷಯದಲ್ಲಂತೂ ನಾವು ಕತ್‌ಬರ್ಟ್‌ಸನ್ನರಿಗೆ ಪೂರ್ತಿ ಬೆನ್ನು ಮಾಡಿದ್ದೇವೆ. ಗಾಯವಾದವನಿಗೆ ಪಥ್ಯ, ತಿಳಿಗಂಜಿ. ಬೇಳೆ ಬೇಡ, ಶೇಂಗಾ ಬೇಡ, ಕೀವಾಗುತ್ತದೆ ಎನ್ನುತ್ತೇವೆ. ದೊಡ್ಡ ಸುಟ್ಟಗಾಯದಲ್ಲಿ ದೇಹ ಉರಿಸುವ ಶಕ್ತಿ ಸಾಮಾನ್ಯದ ದುಪ್ಪಟ್ಟಿನ ಸಮೀಪಕ್ಕೆ ಹೋಗುತ್ತದೆ. ಉಣ್ಣಲು ಕೊಡದಿದ್ದರೆ ಅದು ತನ್ನದೇ ಮಾಂಸವನ್ನು ತಿನ್ನುತ್ತದೆ, ಬಿಳಿಕಣ ಕಟ್ಟಲು ಸಾಮಗ್ರಿಯೇ ಉಳಿಯದು. ಹಾಲು, ಮೊಸರು, ಬೇಳೆ, ಒಗ್ಗುವವರಿಗೆ ಮೊಟ್ಟೆ, ನಮ್ಮೂರ ಶೇಂಗಾ ಹಿಂಡಿ: ಇವೇ ಇಲ್ಲಿ ಔಷಧ. ಆಸ್ಪತ್ರೆಯಲ್ಲಿ ಮೊದಲ ದಿನವೇ ಮೂಗಿನ ನಳಿಗೆಯಿಂದ ಆಹಾರ ಕೊಡುವುದನ್ನು ಕಂಡು ಹೆದರಿ ಬೇಡವೆನ್ನುವ ಮನೆಯವರಿದ್ದಾರೆ. ಕರುಳಿಗೆ ಬೇಗ ಆಹಾರ ಬಿದ್ದರೆ ಕರುಳಿನ ಗೋಡೆಯೂ ಗಟ್ಟಿಯಾಗಿ ಉಳಿಯುತ್ತದೆ.

ಚಿಕಿತ್ಸೆಯ ದೊಡ್ಡ ತಿರುವು ಬಂದದ್ದು ಆಗಿನ ಯುಗೊಸ್ಲಾವಿಯದ ಮಾರಿಬೋರ್ ಎಂಬ ಸಣ್ಣ ಊರಿನಿಂದ. ಸತ್ತ ಚರ್ಮ ತಾನಾಗಿ ಕಳಚಲೆಂದು ವಾರಗಟ್ಟಲೆ ಕಾಯುವ ಪದ್ಧತಿಯನ್ನು ಬಿಟ್ಟು, ಮೊದಲ ಕೆಲವು ದಿನಗಳಲ್ಲಿಯೇ ಅದನ್ನು ಪದರಪದರವಾಗಿ ಕೆತ್ತಿ ತೆಗೆದು ಹೊಸ ಚರ್ಮ ಹೊದಿಸುವ ವಿಧಾನವನ್ನು ಝೋರಾ ಯಾನ್‌ಝೆಕೊವಿಚ್ ಎಂಬ ವೈದ್ಯೆ 1970ರಲ್ಲಿ ಪ್ರಕಟಿಸಿದರು. ಬೆಥೂನರೂ ಕೋಟ್ನೀಸರೂ ಗುಂಡೇಟಿನ ಗಾಯದಲ್ಲಿ ಪಾಲಿಸಿದ ನಿಯಮವೇ ಇದು: ಸತ್ತುದನ್ನು ಬೇಗ ತೆಗೆ. ಮುಚ್ಚಲು ರೋಗಿಯ ಸ್ವಂತ ಚರ್ಮ ಸಾಲದಾದಾಗ ಏನು ಮಾಡುವುದು? ಮುಂಬಯಿಯ ಸಾಯನ್ ಆಸ್ಪತ್ರೆಯವರು ಬಾಳೆಯೆಲೆಯನ್ನು ಶುದ್ಧೀಕರಿಸಿ ಗಾಯಕ್ಕೆ ಹೊದಿಸಿ ಯಶಸ್ವಿಯಾದರು. ನೋವಿಲ್ಲದೆ ಬಿಡಿಸಬಹುದಾದ, ಬಡವರಿಗೂ ಎಟುಕುವ ಪಟ್ಟಿ ಅದು. ಅದೇ ಆಸ್ಪತ್ರೆಯಲ್ಲಿ ಚರ್ಮನಿಧಿಯೂ ಇದೆ. ತೀರಿಕೊಂಡವರ ಚರ್ಮವನ್ನು ಕೆಲವೇ ಗಂಟೆಗಳೊಳಗೆ ತೆಳುವಾಗಿ ತೆಗೆದು, ಗ್ಲಿಸರಾಲಿನಲ್ಲಿ ಕಾದಿಟ್ಟು, ಸುಟ್ಟವರ ಮೈಗೆ ಹೊದಿಸುತ್ತಾರೆ. ನೇತ್ರದಾನಕ್ಕೆ ಮುಂದಾಗುವ ನಮ್ಮ ಜನ ಚರ್ಮದಾನದ ಹೆಸರೆತ್ತಿದರೆ ಹಿಂಜರಿಯುತ್ತಾರೆ, ಮೈ ವಿಕಾರವಾದೀತೆಂಬ ಭಯದಿಂದ. ತೆಗೆಯುವುದು ತೊಡೆ, ಬೆನ್ನುಗಳ ಮೇಲ್ಪದರ ಮಾತ್ರ; ಬಟ್ಟೆ ಹೊದಿಸಿದ ಮೇಲೆ ಏನೂ ಕಾಣದು.

ಹಾಗೆ ಹೊದಿಸಿದ ಚರ್ಮ ಎಂದೆಂದಿಗೂ ಉಳಿಯುವುದಿಲ್ಲ. ಜೀವಂತವಾಗಿ ಕಾದಿಟ್ಟ ಚರ್ಮವಾದರೆ ಅದು ಎರಡು ಮೂರು ವಾರ ರೋಗಿಯ ಮೈಗೆ ಹತ್ತಿಕೊಂಡು, ಬಿದ್ದ ಗೋಡೆಯ ಜಾಗದಲ್ಲಿ ನಿಂತು, ಸೋರಿಕೆಯನ್ನೂ ನಂಜನ್ನೂ ತಡೆಯುತ್ತದೆ. ಆಮೇಲೊಂದು ದಿನ ಅದರ ಅಂಚು ಕಪ್ಪಾಗಿ ಏಳತೊಡಗುತ್ತದೆ. ಮನೆಯವರು ಗಾಬರಿಗೊಳ್ಳುತ್ತಾರೆ. ವೈದ್ಯರು ಗಾಬರಿಗೊಳ್ಳುವುದಿಲ್ಲ, ರೋಗಿಯ ತೊಡೆಯಿಂದ ಸ್ವಂತ ಚರ್ಮ ತೆಗೆಯಲು ಸಿದ್ಧತೆ ಮಾಡಿಕೊಳ್ಳುತ್ತಾರೆ. ಮಲಗಿದ್ದ ಕಾವಲುಪಡೆ ಎದ್ದು ಪರಕೀಯನನ್ನು ಗುರುತಿಸತೊಡಗಿದೆ ಎಂದು ಅವರಿಗೆ ಗೊತ್ತಿರುತ್ತದೆ.